ದಫೇದಾರನ ಕೆನ್ನೆ

ನಾವು ಆ ಊರಿಗೆ ಹೋಗಿ ಇಳಿದ ದಿನ ನನ್ನ ಹೆಂಡತಿಗೆ ಕಾಲು ಗಂಟೆಯಲ್ಲಿ ಕೆನ್ನೆ ಆಯಿತು. ನಮ್ಮ ಅತ್ತೆಗೆ ಸಂಜೆಯೊಳಗೆ ಆಯಿತು. ನಾನು ಜಗಲಿಯಲ್ಲಿ ಉಳಿದೆ.

ಕೆನ್ನೆ ಎಂದರೆ ಬೆಕ್ಕಿನ ಕೆನ್ನೆ. ಆ ಊರಿನಲ್ಲಿ ಪ್ರತಿ ಮನೆಗೂ ಒಂದು ಬೆಕ್ಕಿದೆ. ಮನೆಯಲ್ಲಿ ಇರುವವರು ಬದಲಾಗುತ್ತಾರೆ, ಬೆಕ್ಕು ಬದಲಾಗುವುದಿಲ್ಲ. ಹೊಸಬರು ಯಾರೇ ಬರಲಿ, ಮನೆಯ ಬೆಕ್ಕು ತಾನಾಗಿ ಬಂದು ಅವರ ಕಾಲಿಗೋ ಕೈಗೋ ಕೆನ್ನೆ ತೀಡಬೇಕು. ಅದನ್ನು ಒಬ್ಬರಾದರೂ ಕಣ್ಣಾರೆ ನೋಡಿರಬೇಕು. ಅಲ್ಲಿಯವರೆಗೆ ಹೊಸ್ತಿಲು ದಾಟುವಂತಿಲ್ಲ. ಇದು ಯಾಕೆ, ಯಾವಾಗಿನಿಂದ ಎಂದು ನಾನು ಕೇಳಿದಾಗಲೆಲ್ಲ ಊರಿನವರು, ಬಾಗಿಲಿಗೆ ಚಿಲಕ ಯಾಕೆ ಎಂದು ಕೇಳಿದವನನ್ನು ನೋಡುವಂತೆ ನನ್ನನ್ನು ನೋಡಿದರು. ಬೀದಿಯಲ್ಲಿ ಎದುರಾದವರು ಊಟ ಆಯ್ತಾ ಎನ್ನುವ ಹಾಗೆ, "ಕೆನ್ನೆ ಆಯ್ತಾ?" ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎಂದರೆ, "ಆಗುತ್ತೆ ಬಿಡಿ" ಎಂದು, ಮಕ್ಕಳಾಗದವರಿಗೆ ಹೇಳುವ ದನಿಯಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು.

ನಾನು ಕರಡು ತಿದ್ದುವವನು. ಅಂಚೆಯಲ್ಲಿ ಬರುವ ಪುಸ್ತಕಗಳ ಕರಡನ್ನು ಕೆಂಪು ಪೆನ್ಸಿಲಿನಿಂದ ತಿದ್ದಿ ಹಿಂದಕ್ಕೆ ಕಳಿಸುತ್ತೇನೆ. ಎಲ್ಲಿ ಕೂತರೂ ಆಗುವ ಕೆಲಸ. ನನ್ನ ಹೆಂಡತಿ ಇಂದುಮತಿಗೆ ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ವರ್ಗವಾದದ್ದರಿಂದ ನಾವಿಬ್ಬರೂ, ನಮ್ಮ ಜೊತೆಗಿದ್ದ ಅವಳ ತಾಯಿ ಚೆಲುವಮ್ಮನವರೂ ಅಲ್ಲಿಗೆ ಹೋದೆವು. ನಮಗೆ ಸಿಕ್ಕ ಮನೆಯ ಬೆಕ್ಕಿನ ಹೆಸರು ದಫೇದಾರ. ಬೂದು ಬಣ್ಣದ, ಅಗಲ ಮುಖದ ಗಂಡು ಬೆಕ್ಕು. ಲಾರಿಯಿಂದ ಸಾಮಾನು ಇಳಿಯುತ್ತಿದ್ದಾಗ ಇಂದುಮತಿ ತಾಮ್ರದ ಹಂಡೆ ಹಿಡಿದು, ಬೆಕ್ಕೊಂದು ಅಲ್ಲಿದೆ ಎಂಬುದನ್ನೂ ಗಮನಿಸದೆ ನಿಂತಿದ್ದಳು. ದಫೇದಾರ ಬಂದು ಅವಳ ಸೀರೆಯ ನಿರಿಗೆಗೆ ಕೆನ್ನೆ ತೀಡಿ ಹೋಯಿತು. ಚೆಲುವಮ್ಮನವರಿಗೆ ಬೆಕ್ಕು ಕಂಡರೆ ಆಗದು. "ಶನಿ" ಎಂದು ಬೈದು ಮುಖ ತಿರುಗಿಸಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅದು ಹತ್ತಿರ ಹೋಗಿ ಅವರ ಮೊಣಕೈಗೆ ಎರಡೂ ಕಡೆಯ ಕೆನ್ನೆ ತೀಡಿತು.

ಮೂವರಲ್ಲಿ ಬೆಕ್ಕೆಂದರೆ ಪ್ರಾಣ ಬಿಡುವವನು ನಾನೊಬ್ಬನೇ. ಆ ದಿನ ಬೀದಿಯಲ್ಲೇ ಮಂಡಿಯೂರಿ, ಎರಡೂ ಕೈ ಚಾಚಿ, "ಬಾರೋ ನನ್ನಪ್ಪ, ಬಾರೋ ಬಂಗಾರ" ಎಂದು ಕರೆದೆ. ದಫೇದಾರ ನನ್ನನ್ನು ಒಮ್ಮೆ ನೋಡಿ ಕಾಂಪೌಂಡ್ ಗೋಡೆಯ ಮೇಲೆ ಹತ್ತಿ ಕೂತಿತು.

ಅಲ್ಲಿನ ಜಗಲಿಗಳನ್ನು ಕಟ್ಟುವಾಗಲೇ ನನ್ನಂಥವರು ಬರುತ್ತಾರೆಂದು ತಿಳಿದು ಕಟ್ಟಿರುತ್ತಾರೆ. ಮಂಚಕ್ಕೆ ಜಾಗ, ಪರದೆಗೆ ಕೊಕ್ಕೆ, ಬಚ್ಚಲಿಗೆ ಹೊರಗಿನಿಂದ ಇನ್ನೊಂದು ಬಾಗಿಲು, ಊಟದ ತಟ್ಟೆ ದಾಟಿಸಲು ಅಡುಗೆಮನೆಯ ಕಿಟಕಿಗೆ ಅಗಲವಾದ ಕಟ್ಟೆ. ಕಿಟಕಿಯ ಆಚೆ ಚೆಲುವಮ್ಮನವರು ಇರುತ್ತಿದ್ದರು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅವರು ನನ್ನೊಂದಿಗೆ ನೇರ ಮಾತಾಡಿದವರಲ್ಲ. "ಇಂದೂ, ನಿನ್ನ ಯಜಮಾನರಿಗೆ ಹೇಳು, ಸಾರು ತಣ್ಣಗಾಗುತ್ತೆ" ಎನ್ನುವರು. ಇಂದುಮತಿ ಶಾಲೆಗೆ ಹೋಗಿದ್ದರೂ ಹಾಗೆಯೇ ಎನ್ನುವರು. ನಾನು ಹೊರಗೆ, ಅವರು ಒಳಗೆ ಇರುವ ಏರ್ಪಾಡು ಅವರಿಗೆ ಒಗ್ಗಿದಂತೆ ಕಾಣುತ್ತಿತ್ತು. ಮೈ ಕೂಡ ಸ್ವಲ್ಪ ತುಂಬಿಕೊಂಡಿತು.

ಎದುರು ಮನೆಯ ಜಗಲಿಯಲ್ಲಿ ನಿವೃತ್ತ ಬಸ್ ಕಂಟ್ರೋಲರ್ ತಿಪ್ಪೇಶಪ್ಪನವರಿದ್ದರು. ಅದು ಅವರ ಸ್ವಂತ ಮನೆ. ಎರಡು ವರ್ಷದ ಹಿಂದೆ ಅವರ ಹಳೆಯ ಬೆಕ್ಕು ಸತ್ತು ಹೊಸದು ಬಂದಾಗ ಮನೆಯವರೆಲ್ಲ ಪದ್ಧತಿಯಂತೆ ಹೊರಗೆ ಬಂದಿದ್ದರು. ಸಂಜೆಯೊಳಗೆ ಹೆಂಡತಿ, ಮಗ, ಸೊಸೆ ಮೂವರೂ ಕೆನ್ನೆ ಆಗಿ ಒಳಗೆ ಹೋದರು; ಹಾಲು ಹಾಕಲು ಬಂದವನಿಗೂ ಆಯಿತು. ಇವರು ಉಳಿದರು. ಜಗಲಿಯಲ್ಲಿ ಅವರು ರೇಡಿಯೋ ಇಟ್ಟುಕೊಂಡಿದ್ದರು, ಕೊತ್ತಂಬರಿ ಬೆಳೆದಿದ್ದರು, ಯಾರ ಮೇಲೂ ಬೇಸರವಿರಲಿಲ್ಲ.

"ನೀವು ತುಂಬಾ ನೋಡ್ತೀರ ಕಣ್ರಿ ಅವರನ್ನ" ಎಂದು ಅವರು ಮೊದಲನೇ ವಾರವೇ ಹೇಳಿದರು. ಬೆಕ್ಕುಗಳಿಗೆ ಅವರು ಬಹುವಚನವನ್ನೇ ಬಳಸುತ್ತಿದ್ದರು. "ದಿಟ್ಟಿಸಿ ನೋಡಿದ್ರೆ ಅವರಿಗೆ ಜಗಳಕ್ಕೆ ಕರೆದಂಗೆ. ಕಣ್ಣು ಮೆಲ್ಲಗೆ ಮುಚ್ಚಿ, ಮೆಲ್ಲಗೆ ತೆಗೀರಿ. ಆಮೇಲೆ ಬೇರೆ ಕಡೆ ನೋಡಿ."

"ಅಷ್ಟು ಗೊತ್ತಿದ್ದೂ ನಿಮಗ್ಯಾಕೆ ಆಗಿಲ್ಲ?" ಎಂದು ಕೇಳಿದೆ.

"ನಾನು ಸೀನ್ತೀನಿ" ಎಂದರು. ನಿಜ, ಅವರ ಸೀನು ಬಸ್ ನಿಲ್ದಾಣದವರೆಗೆ ಕೇಳುತ್ತಿತ್ತು.

ನಾನು ಅವರ ಮಾತು ಕೇಳಲಿಲ್ಲ. ಹಾಲಿಟ್ಟೆ, ದಫೇದಾರ ಕುಡಿಯಿತು, ಮರುದಿನ ಅದಕ್ಕೆ ಭೇದಿಯಾಯಿತು. ಒರೆಸಬೇಕಾಗಿ ಬಂದ ಚೆಲುವಮ್ಮನವರು ಇಂದುಮತಿಗೆ ಹೇಳುವ ನೆಪದಲ್ಲಿ ನನಗೆ ಬೇಕಾದಷ್ಟು ಹೇಳಿದರು. ನೂಲಿನುಂಡೆಗೆ ಗೆಜ್ಜೆ ಕಟ್ಟಿ ಉರುಳಿಸಿದೆ. ಅದು ಮಲಗಿದ್ದಾಗ ಹೊಟ್ಟೆ ಸವರಲು ಹೋಗಿ ಪರಚಿಸಿಕೊಂಡೆ. ಹಾಡಿದೆ ಕೂಡ.

ತಿಂಗಳಿಗೊಮ್ಮೆ ಬೆಕ್ಕಿನ ಗುಮಾಸ್ತೆ ಮೆಹರುನ್ನೀಸಾ ಛತ್ರಿ ಹಿಡಿದು, ದಪ್ಪ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಯಾವ ಮನೆಯ ಬೆಕ್ಕು ಹೇಗಿದೆ, ಯಾರಿಗೆ ಕೆನ್ನೆ ಆಗಿದೆ, ಯಾರು ಜಗಲಿಯಲ್ಲಿದ್ದಾರೆ ಎಂದು ಬರೆದುಕೊಳ್ಳುವುದು ಅವರ ಕೆಲಸ. ಮೊದಲ ಸಲ ಬಂದಾಗ ಕಿಟಕಿಯ ಕಡೆ ತಿರುಗಿ, "ಅಮ್ಮಾ, ಬುಟ್ಟಿ ತೆರೆದಿಟ್ಟಿದೀರಾ?" ಎಂದು ಕೇಳಿದರು.

"ಇಟ್ಟಿದೀನಿ" ಎಂದರು ಚೆಲುವಮ್ಮ.

ಅಲ್ಲಿ ಪ್ರತಿ ಮನೆಯಲ್ಲೂ ಮುಚ್ಚಳವಿರುವ ಒಂದು ಬೆತ್ತದ ಬುಟ್ಟಿಯನ್ನು, ಒಳಗೆ ಹಳೆಯ ಸೀರೆ ಹಾಸಿ, ವರ್ಷವಿಡೀ ತೆರೆದೇ ಇಟ್ಟಿರಬೇಕು. ಬೆಕ್ಕು ಅದರಲ್ಲಿ ಮಲಗಿ ರೂಢಿಯಾಗಿರುತ್ತದೆ. ಕಾಯಿಲೆ ಬಂದ ದಿನ ಅದು ಒಳಗಿದ್ದಾಗ ಮುಚ್ಚಳ ಹಾಕಿ ಆಸ್ಪತ್ರೆಗೆ ಒಯ್ಯುತ್ತಾರೆ. ಯಾಕೆಂದರೆ ಬೆಕ್ಕನ್ನು ಅದರ ಇಷ್ಟವಿಲ್ಲದೆ ಎತ್ತುವಂತಿಲ್ಲ. ಎತ್ತಿದವನಿಗೆ ಜಗಲಿಯೂ ಇಲ್ಲ, ಗೇಟಿನ ಆಚೆಯೇ ವಾಸ.

ಆಮೇಲೆ ನನ್ನ ಕಡೆ ತಿರುಗಿದರು. "ಸಾರ್, ದಿನಕ್ಕೆ ಎಷ್ಟು ಸಲ ಕರೀತೀರಿ ಅದನ್ನ?"

"ನಲವತ್ತು ಸಲ ಕರೀಬಹುದು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ನಿಮ್ಮನ್ನ ಯಾರಾದ್ರೂ ದಿನಕ್ಕೆ ನಲವತ್ತು ಸಲ ಕರೆದ್ರೆ ಹತ್ರ ಹೋಗ್ತೀರಾ?"

ಒಳಗಿನಿಂದ ಇಂದುಮತಿ, "ನನ್ನನ್ನೂ ಅಷ್ಟೇ ಸಲ ಕರೀತಾರೆ ಮೇಡಂ" ಎಂದಳು. ಮೆಹರುನ್ನೀಸಾ ಅದನ್ನೂ ಬರೆದುಕೊಂಡರು.

ನನಗೆ ಅವಮಾನವಾಯಿತು. ಆ ಸಿಟ್ಟಿಗೆ ಬೆಕ್ಕನ್ನೂ ಕರೆಯುವುದಿಲ್ಲ, ಹೆಂಡತಿಯನ್ನೂ ಕರೆಯುವುದಿಲ್ಲ ಎಂದು ಹಟ ಹಿಡಿದೆ. ಕರಡಿನಲ್ಲಿ ಮುಖ ಹುದುಗಿಸಿ ಕೂತೆ. ಆಗಾಗ ದಫೇದಾರ ಕಣ್ಣಿಗೆ ಬಿದ್ದರೆ ತಿಪ್ಪೇಶಪ್ಪ ಹೇಳಿದಂತೆ ಕಣ್ಣು ಮೆಲ್ಲಗೆ ಮುಚ್ಚಿ ತೆರೆದು ಬೇರೆ ಕಡೆ ನೋಡುತ್ತಿದ್ದೆ. ಇಂದುಮತಿ ಇದನ್ನು ಎರಡು ದಿನ ನೋಡಿ ಕಣ್ಣಿಗೆ ಬಿಡುವ ಔಷಧಿ ತಂದುಕೊಟ್ಟಳು.

ಹಟ ಹಿಡಿದ ಮೂರನೇ ವಾರ ದಫೇದಾರ ಗೋಡೆಯಿಂದಿಳಿದು ಜಗಲಿಯ ಮೆಟ್ಟಿಲ ಮೇಲೆ ಮಲಗತೊಡಗಿತು. ಅದಾಗಿ ತಿಂಗಳಿಗೆ ಮಂಚದ ಕಾಲಿನ ಹತ್ತಿರ. ನಾಲ್ಕನೇ ತಿಂಗಳಲ್ಲಿ ನಾನು ತಿದ್ದಿ ಮುಗಿಸಿದ ಹಾಳೆಗಳ ಕಟ್ಟಿನ ಮೇಲೆ ಕೂತು, ತಿದ್ದದ ಹಾಳೆಗಳನ್ನು ಕಾಲಿನಿಂದ ಕೆಳಗೆ ತಳ್ಳಿತು. ಅದರ ದಿನಚರಿ ನನಗೆ ಬಾಯಿಪಾಠವಾಯಿತು. ಹಾಲಿನವನು ಹೋದ ಮೇಲೆ ನುಗ್ಗೆಮರದ ಬುಡದ ಮರಳಿಗೆ ಹೋಗುವುದು, ಗುಂಡಿ ತೋಡುವುದು, ಮುಚ್ಚಿದ್ದನ್ನು ಎರಡು ಸಲ ಮೂಸಿ ನೋಡುವುದು, ಆಮೇಲೆ ಗೇಟಿನ ಕಂಬಕ್ಕೆ ಕೆನ್ನೆ ತೀಡುವುದು. ಕಂಬಕ್ಕೆ ದಿನಾ ಆಗುತ್ತಿತ್ತು. ನನಗೆ ಮಾತ್ರ ಇಲ್ಲ.

ಈ ಮಧ್ಯೆ ಇಂದುಮತಿಯೂ ಸಂಜೆ ಶಾಲೆಯಿಂದ ಬಂದವಳು ಕಾಫಿ ಲೋಟ ಹಿಡಿದು ಹೊರಗೆ ಬಂದು ಮಂಚದ ಇನ್ನೊಂದು ತುದಿಯಲ್ಲಿ ಕೂರತೊಡಗಿದಳು. ಉತ್ತರಪತ್ರಿಕೆ ತಿದ್ದುವಳು, ನಾನು ಕರಡು ತಿದ್ದುವೆನು. ಯಾಕೆ ಬಂದೆ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು. ಕೇಳಲಿಲ್ಲ. ಒಂದು ದಿನ ಅವಳೇ, ಹೈಸ್ಕೂಲಿನ ಹುಡುಗಿಯೊಬ್ಬಳು ಮೊಘಲರ ಪತನಕ್ಕೆ ಆರು ಕಾರಣ ಬರೆದು ಆರಕ್ಕೂ ಅವರವರ ಅತ್ತೆಯರೇ ಕಾರಣ ಎಂದದ್ದನ್ನು ಓದಿ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಿಟಕಿಯ ಆಚೆ ಪಾತ್ರೆ ಸದ್ದು ಜೋರಾಯಿತು.

ಐದು ತಿಂಗಳು ತುಂಬಿ ಒಂದೆರಡು ದಿನವಾಗಿತ್ತು. ಬೆಳಿಗ್ಗೆ ದಫೇದಾರ ಮರಳಿಗೆ ಹೋಗಿ ಕೂತಿತು, ಎದ್ದು ಬಂತು, ಮತ್ತೆ ಹೋಯಿತು. ಮುಚ್ಚಲಿಲ್ಲ, ಮೂಸಲಿಲ್ಲ. ಹತ್ತು ಗಂಟೆಯೊಳಗೆ ಐದು ಸಲ ಹೋಗಿ ಬಂತು. ಐದನೇ ಸಲ ಕೂತಲ್ಲೇ ಒಂದು ದನಿ ಹೊರಡಿಸಿತು, ಬಾಗಿಲು ಕಿರುಗುಟ್ಟುವಂಥ ಸಣ್ಣ ದನಿ. ನಾನು ಹೋಗಿ ನೋಡಿದೆ. ಮರಳು ಒಣಗಿತ್ತು.

"ಹೊಟ್ಟೆ ಕಟ್ಟಿರ್ಬೇಕು" ಎಂದು ಕಿಟಕಿಯಿಂದ ಚೆಲುವಮ್ಮ ಗೋಡೆಗೆ ಹೇಳಿದರು. "ಹರಳೆಣ್ಣೆ ಹಾಕಿದ್ರೆ ಸರಿಹೋಗುತ್ತೆ."

ಎದುರು ಜಗಲಿಯಲ್ಲಿ ತಿಪ್ಪೇಶಪ್ಪ ಎದ್ದು ನಿಂತಿದ್ದರು. ಅವರು ಯಾವತ್ತೂ ದನಿ ಏರಿಸಿದವರಲ್ಲ. "ಹೊಟ್ಟೆ ಅಲ್ಲ ಅದು. ಉಚ್ಚೆ ಕಟ್ಟಿದೆ. ನಮ್ಮ ಹಳೇ ಯಜಮಾನರು ಹಿಂಗೇ ಹೋದ್ರು. ನಾವು ಎಣ್ಣೆ ಹಾಕ್ಕೊಂಡು ಒಂದು ದಿನ ಕೂತ್ಕೊಂಡ್ವಿ, ಮಾರನೇ ದಿನ ಇರ್ಲಿಲ್ಲ. ಗಂಡು ಬೆಕ್ಕಿಗೆ ಅದು ಕಟ್ಟಿದ್ರೆ ತಡ ಮಾಡಬಾರ್ದು. ಈಗಲೇ ಹೊರಡಿ."

"ಅತ್ತೆ, ಬುಟ್ಟಿ ಕೊಡಿ" ಎಂದು ನಾನು ಕಿಟಕಿಗೆ ಕೂಗಿದೆ.

ಸ್ವಲ್ಪ ಹೊತ್ತಾದ ಮೇಲೆ ಚೆಲುವಮ್ಮ ಬುಟ್ಟಿಯನ್ನು ಎದೆಗಪ್ಪಿಕೊಂಡು ಬಾಗಿಲಿಗೆ ಬಂದರು. ಬುಟ್ಟಿಯ ತುಂಬ ಒಣಮೆಣಸಿನಕಾಯಿ ಇತ್ತು. ಐದು ತಿಂಗಳಿಂದಲೂ ಅದರಲ್ಲಿ ಅದೇ ಇತ್ತು. ಅಲ್ಲೇ ನೆಲಕ್ಕೆ ಸುರಿದು, ಸೆರಗಿನಿಂದ ಒಳಗೆಲ್ಲ ಒರೆಸಿ, ದಫೇದಾರನ ಮುಂದಿಟ್ಟರು. ಅದು ಮೂಸಿ, ಸೀನಿ, ಕುಂಟುತ್ತಾ ನನ್ನ ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿತು. ಚೆಲುವಮ್ಮ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಏನ್ ಮಾಡೋಣ?"

ಮಾಡಲು ಒಂದೇ ಇತ್ತು. ಹೊದಿಕೆ ತೆಗೆದುಕೊಂಡು ಮಂಚದ ಕೆಳಗೆ ತೆವಳಿ, ದಫೇದಾರನನ್ನು ಸುತ್ತಿ ಹೊರಗೆಳೆದೆ. ಐದು ತಿಂಗಳು ಒಂದೊಂದೇ ಮೊಳ ಹತ್ತಿರ ಬಂದ ಬೆಕ್ಕು ನನ್ನ ಎರಡೂ ಕೈಯನ್ನು ಮೊಣಕೈವರೆಗೆ ಸೀಳಿತು. ಅದನ್ನು ಎದೆಗೊತ್ತಿಕೊಂಡು ಬೀದಿಯಲ್ಲಿ ಓಡಿದೆ. ಜನ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತರು. ಸೈಕಲ್ಲಿನವನೊಬ್ಬ ಇಳಿದು, "ಎತ್ತಿಬಿಟ್ರಾ?" ಎಂದು, ಯಾರೋ ತೀರಿಕೊಂಡರೆಂಬಂತೆ ಕೇಳಿದ. ಹೌದು ಎನ್ನುತ್ತಾ ಓಡಿದೆ. ಆ ಹೊತ್ತಿಗೆ ನನಗೆ ಮನೆಯೂ ನೆನಪಿರಲಿಲ್ಲ, ಜಗಲಿಯೂ ನೆನಪಿರಲಿಲ್ಲ. ಹೊದಿಕೆಯ ಒಳಗಿನ ಮೈ ಕಲ್ಲಿನಂತೆ ಬಿಗಿದುಕೊಂಡಿತ್ತು, ಅದಷ್ಟೇ ಗೊತ್ತಾಗುತ್ತಿತ್ತು.

ಆಸ್ಪತ್ರೆಯ ಡಾಕ್ಟರು ಅದಕ್ಕೆ ಮಂಪರು ಬರಿಸಿ ಸಣ್ಣ ನಳಿಕೆ ಹಾಕಿದರು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಸಂಜೆ ತಂದಿದ್ರೆ ಕಷ್ಟ ಇತ್ತು" ಎಂದರು. ಆಮೇಲೆ ಚೀಟಿ ಬರೆಯಲು ಕೂತು, ನನ್ನ ಕೈಗೆ ಕಟ್ಟಿದ್ದ ಬಟ್ಟೆಗಳನ್ನು ನೋಡುತ್ತಲೇ, "ತಾನಾಗಿ ಬುಟ್ಟಿಗೆ ಹೋಯ್ತು ಅಂತ ಬರೀಲಾ, ಎತ್ತಿದ್ದು ಅಂತ ಬರೀಲಾ?" ಎಂದು ಕೇಳಿದರು. ಇಡೀ ಬೀದಿ ನೋಡಿತ್ತು. "ಎತ್ತಿದ್ದು" ಎಂದೆ.

ಮೂರು ದಿನ ಅದನ್ನು ಅಲ್ಲೇ ಇಟ್ಟುಕೊಂಡರು. ಆ ಮೂರು ದಿನ ಚೆಲುವಮ್ಮ ಬುಟ್ಟಿಯನ್ನು ಏಳು ಸಲ ತೊಳೆದು ಬಿಸಿಲಿಗಿಟ್ಟರು, ತಮ್ಮದೇ ಮೆತ್ತನೆಯ ಹಳೆಯ ಸೀರೆಯೊಂದನ್ನು ಮಡಿಸಿ ಒಳಗೆ ಹಾಸಿದರು. ನಾನು ಆಸ್ಪತ್ರೆಯ ವರಾಂಡದಲ್ಲಿ ಮಲಗುತ್ತಿದ್ದೆ. ಮುಂದೆಯೂ ಗೇಟಿನ ಆಚೆಯೇ ಇರಬೇಕಾದದ್ದರಿಂದ ಇಂದುಮತಿ ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಅದರ ಮೇಲೆ ತನ್ನದೂ ಎರಡು ಸೀರೆ ಇಟ್ಟಳು.

"ನಿನಗೆ ಕೆನ್ನೆ ಆಗಿದೆಯಲ್ಲ" ಎಂದೆ.

"ಆಗಿದೆ" ಎಂದಳು. "ಅದಕ್ಕೇನೀಗ?" ಎಂದು ಚೀಲದ ಬಾಯಿ ಕಟ್ಟಿದಳು.

ನಾಲ್ಕನೇ ದಿನ ಮಧ್ಯಾಹ್ನ ಇಂದುಮತಿ ಆಸ್ಪತ್ರೆಯಿಂದ ಬುಟ್ಟಿ ತಂದಳು. ಮೆಹರುನ್ನೀಸಾ ಆಗಲೇ ಬಂದು ಕಾದಿದ್ದರು. ನಾನು ಚೀಲದ ಸಮೇತ ಗೇಟಿನ ಆಚೆ ನಿಂತಿದ್ದೆ. ಬುಟ್ಟಿ ತೆರೆದಾಗ ಬೀದಿಯ ಅರ್ಧ ಜನ ಸೇರಿದ್ದರು, ಬದುಕಿಸಿದವನ ಮೇಲೆ ಬೆಕ್ಕು ಹಾರಿ ಬೀಳುತ್ತದೆ ಎಂದು ಕೆಲವರು ಅಂದುಕೊಂಡಿದ್ದಂತೆ ತೋರಿತು. ದಫೇದಾರ ಹೊರಗೆ ಬಂದು ನನ್ನ ಕಡೆ ಹಲ್ಲು ಕಿರಿದು ಬುಸ್ಸೆಂದಿತು. ಇಂದುಮತಿಗೂ ಬುಸ್ಸೆಂದಿತು, ತನ್ನದೇ ಬಾಲವನ್ನು ಮೂಸಿ ಅದಕ್ಕೂ ಬುಸ್ಸೆಂದಿತು. ಎಲ್ಲದರ ಮೇಲೂ ಆಸ್ಪತ್ರೆಯ ವಾಸನೆ ಇತ್ತು.

"ಡಾಕ್ಟರು ಒಂದೇ ಮಾತು ಹೇಳಿದಾರೆ" ಎಂದಳು ಇಂದುಮತಿ. "ಸಂಜೆಯೊಳಗೆ ತಾನಾಗಿ ಉಚ್ಚೆ ಹೊಯ್ಯಬೇಕಂತೆ. ಇಲ್ದಿದ್ರೆ ವಾಪಸ್ ಕರ್ಕೊಂಡು ಬನ್ನಿ ಅಂದ್ರು."

ಅಲ್ಲಿದ್ದವರೆಲ್ಲ ಕಾದರು. ದಫೇದಾರ ನುಗ್ಗೆಮರದ ಬುಡಕ್ಕೆ ಹೋಯಿತು. ಗುಂಡಿ ತೋಡಿತು. ಮೂವತ್ತು ಜನ ಕತ್ತು ಚಾಚಿದರು. ಅದು ತಲೆಯೆತ್ತಿ ಮೂವತ್ತು ಜನರನ್ನೂ ನೋಡಿ, ಗುಂಡಿ ಬಿಟ್ಟು ಎದ್ದು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೋಯಿತು, ಮತ್ತೆ ನೋಡಿತು, ಮತ್ತೆ ಎದ್ದಿತು. ತಿಪ್ಪೇಶಪ್ಪ ಮೂಗು ಹಿಡಿದುಕೊಂಡು ಸೀನು ನುಂಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಎಲ್ಲ ತಿರುಗಿ ನಿಂತ್ಕೊಳ್ಳಿ" ಎಂದೆ. "ಅದಕ್ಕೆ ಬೆನ್ನು ಹಾಕಿ. ಯಾರೂ ನೋಡಬೇಡಿ, ಮಾತಾಡಬೇಡಿ."

"ನಾನು ಕೆಲಸದ ಮೇಲೆ ಬಂದಿದೀನಿ ಸಾರ್" ಎಂದರು ಮೆಹರುನ್ನೀಸಾ.

"ನೀವು ನೋಡ್ತಿದ್ರೆ ಅದು ತನ್ನ ಕೆಲಸ ಮಾಡಲ್ಲ ಮೇಡಂ."

ಅವರು ಯೋಚಿಸಿ, ಪುಸ್ತಕವನ್ನು ಎದೆಗೊತ್ತಿಕೊಂಡು ತಿರುಗಿದರು. ಬೀದಿಯವರು ಬೀದಿಯ ಕಡೆಗೆ, ಅಂಗಳದಲ್ಲಿದ್ದವರು ಗೋಡೆಯ ಕಡೆಗೆ ತಿರುಗಿ ಸಾಲಾಗಿ ನಿಂತರು. ನಾನೂ ಗೇಟಿಗೆ ಬೆನ್ನು ಹಾಕಿದೆ. ಮರಳು ಕೆರೆಯುವ ಸದ್ದು ಕೇಳಿತು. ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಣ ಮರಳಿನ ಮೇಲೆ ನೀರು ಬೀಳುವ ಸಣ್ಣ, ಬಿಟ್ಟೂಬಿಡದ ಸದ್ದು. ನನ್ನ ಪಕ್ಕದಲ್ಲಿದ್ದ, ನನಗೆ ಹೆಸರೂ ತಿಳಿಯದ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟರು. ಮತ್ತೆ ಮರಳು ಕೆರೆಯುವ ಸದ್ದು, ಮುಚ್ಚುವ ಸದ್ದು.

ಇನ್ನೇನು ತಿರುಗಬೇಕು ಎನ್ನುವಾಗ ನನ್ನ ಎಡಗಾಲಿನ ಮೀನಖಂಡಕ್ಕೆ ಏನೋ ತಾಗಿತು. ಬೆಚ್ಚಗಿತ್ತು. ಹಣೆಯಿಂದ ಶುರುವಾಗಿ, ಬಾಯಿಯ ಅಂಚಿನಿಂದ ಕಿವಿಯವರೆಗೆ ಉದ್ದಕ್ಕೂ ಒತ್ತಿ ಎಳೆದುಕೊಂಡು ಹೋಯಿತು. ತಿರುಗಿ ಬಂದು ಇನ್ನೊಂದು ಕೆನ್ನೆಯಿಂದ ಒಮ್ಮೆ ಎಳೆಯಿತು. ಕೃತಜ್ಞತೆ ಎಂದು ನಾನು ಹೇಳಲಾರೆ. ಕೆಟ್ಟ ವಾಸನೆಯ ವಸ್ತುವೊಂದು ತನ್ನ ಗೇಟಿನ ಹತ್ತಿರ ನಿಂತಿತ್ತು; ಅದನ್ನು ಸರಿಮಾಡಿತು, ಅಷ್ಟೆ. ನಾನು ಉಸಿರಾಡಲಿಲ್ಲ.

"ಆಯ್ತು" ಎಂದೆ ಕೊನೆಗೆ. ಎಲ್ಲ ತಿರುಗಿದರು. ದಫೇದಾರ ಆಗಲೇ ಗೋಡೆಯ ಮೇಲೆ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ತಿಪ್ಪೇಶಪ್ಪ ಒದ್ದೆ ಮರಳನ್ನು ಬಗ್ಗಿ ನೋಡಿ, ಕಣ್ಣೊರೆಸಿಕೊಂಡು, ಹೊರಗೆ ಓಡಿಹೋಗಿ ಸೀನಿದರು.

"ಮೇಡಂ, ನನಗೆ ಕೆನ್ನೆ ಆಯ್ತು" ಎಂದೆ.

ಮೆಹರುನ್ನೀಸಾ ಪೆನ್ನು ತೆಗೆದರು. "ಯಾರು ನೋಡಿದ್ರು?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಇಂದುಮತಿಯನ್ನು ನೋಡಿದೆ. ಅವಳು ಹಣೆ ಒತ್ತಿಕೊಂಡು, "ನಾನು ತಿರುಗಿದ್ದೆ" ಎಂದಳು. ಇಪ್ಪತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಹೇಳಿ ಹೇಳಿ ಅವಳಿಗೆ ಬೇರೆ ದಾರಿ ಉಳಿದಿರಲಿಲ್ಲ. ಮೆಹರುನ್ನೀಸಾ ಪೆನ್ನಿನ ಮುಚ್ಚಳ ಹಾಕತೊಡಗಿದರು.

"ನಾನು ನೋಡಿದೆ" ಎಂದರು ಜಗಲಿಯಿಂದ ಚೆಲುವಮ್ಮ.

"ನೀವು ತಿರುಗಿ ನಿಂತಿರ್ಲಿಲ್ವಾ ಅಮ್ಮ?"

"ಅಳಿಯ ಹೇಳಿದ ಅಂತ ನಾನು ಯಾವತ್ತು ತಿರುಗಿ ನಿಂತಿದೀನಿ?"

ಇದನ್ನು ಬೀದಿಯಲ್ಲಿ ಯಾರೂ ಅನುಮಾನಿಸಲಿಲ್ಲ. ಆದರೆ ಬೆಳಿಗ್ಗೆ ಅವರು, ತಿರುಪು ಸಡಿಲವಾಗಿದೆ ಎಂದು ತಮ್ಮ ಕನ್ನಡಕವನ್ನು ಗೇಟಿನ ಸಂದಿಯಿಂದ ನನಗೆ ಕೊಟ್ಟಿದ್ದರು. ಅದು ಇನ್ನೂ ನನ್ನ ಅಂಗಿಯ ಜೇಬಿನಲ್ಲಿತ್ತು. ಅದಿಲ್ಲದೆ ಅವರಿಗೆ ಹತ್ತು ಹೆಜ್ಜೆ ದೂರದ ಎಮ್ಮೆಯೂ ಎಮ್ಮೆಯಾಗಿ ಕಾಣುವುದಿಲ್ಲ.

"ಯಾವ ಕಾಲಿಗೆ?" ಎಂದು ಮೆಹರುನ್ನೀಸಾ ಕೇಳಿದರು.

ಚೆಲುವಮ್ಮ ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. ನಾನು ಬಲಗಾಲಿನಿಂದ ಎಡಗಾಲನ್ನು, ದೊಡ್ಡದಾಗಿ, ಎರಡು ಸಲ ಕೆರೆದುಕೊಂಡೆ.

"ಎಡಗಾಲು" ಎಂದರು. "ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ." ಬೆಕ್ಕುಗಳ ಅಭ್ಯಾಸ ಅವರಿಗೂ ಗೊತ್ತಾಗಿತ್ತು.

ಮೆಹರುನ್ನೀಸಾ ನನ್ನ ಕಾಲನ್ನು ನೋಡಿದರು, ಜೇಬಿನಿಂದ ಹೊರಗೆ ಕಾಣುತ್ತಿದ್ದ ಕನ್ನಡಕದ ಕಡ್ಡಿಯನ್ನು ನೋಡಿದರು, ಪಂಚೆಯ ಎಡ ಅಂಚಿಗೆ ಅಂಟಿದ್ದ ಬೂದು ಕೂದಲನ್ನು ಬಗ್ಗಿ ನೋಡಿದರು. "ಎತ್ತಿದ ಮೇಲೆ ಆದ ಕೆನ್ನೆ. ನಡೆಯುತ್ತೆ" ಎಂದು ಬರೆದುಕೊಂಡರು. "ಒಂದು ದಿನ ಆ ಕಾಲು ತೊಳೀಬೇಡಿ. ಅದರ ವಾಸನೆ ಉಳೀಬೇಕು."

ಇಂದುಮತಿ ನನ್ನ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದಳು. ನಾನು ಹೊಸ್ತಿಲ ಹತ್ತಿರ ಬಂದೆ. ಚೆಲುವಮ್ಮ ಚೊಂಬು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು.

"ಕಾಲು ತೊಳ್ಕೊಂಡು ಬನ್ನಿ" ಎಂದರು, ನೇರ ನನಗೇ.

"ತೊಳೀಬಾರದಂತೆ ಅತ್ತೆ."

"ಬೀದಿ ಕಾಲಲ್ಲಿ ನನ್ನ ಅಡುಗೆಮನೆಗೆ ಯಾರೂ ಬರೋ ಹಾಗಿಲ್ಲ."

ಆಮೇಲೆ ಅವರೇ ಬಗ್ಗಿ ನನ್ನ ಬಲಗಾಲಿಗೆ ಮಾತ್ರ ನೀರು ಹಾಕಿದರು. ಒಂದು ಹನಿಯೂ ಎಡಗಾಲಿಗೆ ಸಿಡಿಯದಂತೆ ಅಂಗೈಯನ್ನು ಅಡ್ಡ ಹಿಡಿದಿದ್ದರು. ನಾನು ತೊಳೆದ ಕಾಲನ್ನು ಮೊದಲು ಇಟ್ಟು ಒಳಗೆ ಹೋದೆ.